ಹಾಲು ಕಡಿಮೆ ಅನ್ನುವ ಮೊದಲು ಪಂಪ್ ಬಿಚ್ಚಿ ನೋಡಿ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟ ಗೆಳತಿಯರು ಮೊದಲು ಕೇಳುವುದು, ಎದೆಹಾಲು ಹಿಂಡಲು ಯಾವ ಪಂಪ್ ತಗೊಳ್ಳಲಿ ಅಂತ. ಸ್ವಲ್ಪ ದಿನ ಬಿಟ್ಟು ಮತ್ತೆ ಫೋನ್ ಬರುತ್ತದೆ. ನಂಗೆ ಹಾಲೇ ಸಾಲ್ತಿಲ್ಲ ಕಣೇ. ಅಷ್ಟರಲ್ಲಿ ಮನೆಯಲ್ಲಿ ತೀರ್ಪು ಆಗಿಹೋಗಿರುತ್ತದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲ ಶುರುವಾಗಿರುತ್ತದೆ, ಕಪಾಟಿನಲ್ಲಿ ಪುಡಿಹಾಲಿನ ಡಬ್ಬಿಯೂ ಬಂದು ಕೂತಿರುತ್ತದೆ. ಸೊಪ್ಪು ತಿನ್ನಿ, ಯಾರು ಬೇಡ ಅಂದರು. ಆದರೆ ನಾನು ಕೇಳುವುದು ಬೇರೆ. ಫ್ಲಾಂಜ್ ಸೈಜ್ ಎಷ್ಟು? ವಾಲ್ವ್ ಬದಲಾಯಿಸಿ ಎಷ್ಟು ದಿನ ಆಯ್ತು? ಬಾಟಲಿಗೆ ಹಾಕಿರುವ ನಿಪ್ಪಲ್ ಯಾವುದು? ಮೀಟಿಂಗ್ ಇತ್ತು ಅಂತ ಎಷ್ಟು ಸಲ ಪಂಪ್ ಮಾಡೋದು ಬಿಟ್ಟೆ? ಬಹಳ ಸಲ ಉತ್ತರ ಇವುಗಳಲ್ಲೇ ಸಿಗುತ್ತದೆ. ತಾಯಿಯ ಮೈಯನ್ನು ಕೊನೆಗೆ ಅನುಮಾನಿಸಬೇಕು, ನಾವು ಮೊದಲು ಅನುಮಾನಿಸುವುದೇ ಅದನ್ನು.

ಫ್ಲಾಂಜ್ ಅಂದರೆ ಎದೆಗೆ ಒತ್ತಿ ಹಿಡಿಯುವ ಆ ಆಲಿಕೆ ಆಕಾರದ ಭಾಗ. ಡಬ್ಬದಲ್ಲಿ ಸಾಮಾನ್ಯವಾಗಿ 24 ಮಿಲಿಮೀಟರಿನದು ಬರುತ್ತದೆ. ಎಲ್ಲರಿಗೂ ಒಂದೇ ಅಳತೆ ಆಗುವುದಕ್ಕೆ ಅದೇನು ಸೀರೆಯೇ? ಎಷ್ಟೋ ಜನರಿಗೆ 17, 19, 21 ಬೇಕಾಗುತ್ತದೆ, ಕೆಲವರಿಗೆ ಎಡಕ್ಕೊಂದು ಬಲಕ್ಕೊಂದು. ಸ್ಕೇಲ್ ಹಿಡಿದು ತೊಟ್ಟಿನ ಬುಡದ ಅಗಲ ಅಳೆಯಿರಿ. ಅದಕ್ಕೆ ಒಂದೆರಡು ಮಿಲಿಮೀಟರ್ ಸೇರಿಸಿದರೆ ಹೆಚ್ಚು ಕಡಿಮೆ ನಿಮ್ಮ ಸೈಜ್ ಬಂತು. ಪಂಪ್ ಹಾಕಿದಾಗ ತೊಟ್ಟು ಮಾತ್ರ ಕೊಳವೆಯೊಳಗೆ ಆರಾಮಾಗಿ ಹಿಂದೆ ಮುಂದೆ ಹೋಗಬೇಕು. ಸುತ್ತಲಿನ ಕಪ್ಪು ಭಾಗವೂ ಜಾಸ್ತಿ ಒಳಗೆ ಎಳೆದುಕೊಂಡು ಬರುತ್ತಿದ್ದರೆ ಅದು ದೊಡ್ಡದಾಯಿತು ಅಂತ ಅರ್ಥ. ನೋವು ಬರುತ್ತದೆ, ಊದಿಕೊಳ್ಳುತ್ತದೆ, ಹಾಲು ಪೂರ್ತಿ ಇಳಿಯುವುದಿಲ್ಲ. ಇದಕ್ಕೆ ಹೊಸ ಪಂಪ್ ಬೇಡ. ಒಳಗೆ ಕೂರಿಸುವ ಸಿಲಿಕಾನ್ ಇನ್ಸರ್ಟ್ ಸಿಗುತ್ತದೆ, ಪಂಪಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ವಾಲ್ವ್ ಕಥೆ ಇನ್ನೂ ಚಿಕ್ಕದು. ಬಿಳಿ ಸಿಲಿಕಾನಿನ ಪುಟ್ಟ ತುಂಡು, ತುದಿಯಲ್ಲಿ ಒಂದು ಸೀಳು. ದಿನಾ ತೊಳೆದು ಕುದಿಸಿ ಆ ಸೀಳು ಸಡಿಲ ಆಗುತ್ತದೆ. ಬೆಳಕಿಗೆ ಹಿಡಿದು ನೋಡಿ, ಬಾಯಿ ಮುಚ್ಚಿರಬೇಕು. ಸುಮ್ಮನಿದ್ದಾಗಲೂ ಬಾಯಿ ಬಿಟ್ಟುಕೊಂಡಿದ್ದರೆ ಪಂಪ್ ಎಷ್ಟೇ ಸದ್ದು ಮಾಡಲಿ, ಎಳೆತ ಇರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಪಂಪ್ ಮಾಡುವವರು ಒಂದೆರಡು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು. ಬ್ರಶ್ ತೂರಿಸಿ ಆ ಸೀಳನ್ನು ಉಜ್ಜಬೇಡಿ. ಸಾವಿರಾರು ರೂಪಾಯಿಯ ಯಂತ್ರವನ್ನು ಈ ತುಂಡು ಮಲಗಿಸಿಬಿಡುತ್ತದೆ, ನಾವು ಮಾತ್ರ ಹಾಲು ಬತ್ತಿತು ಅಂತ ಅಳುತ್ತಾ ಕೂರುತ್ತೇವೆ.

ಯಾವ ಪಂಪ್ ಅನ್ನುವುದಕ್ಕೂ ಹೇಳಿಬಿಡುತ್ತೇನೆ. ಪೂರ್ತಿ ದಿನ ಹೊರಗಿರುವವರಿಗೆ ಎರಡೂ ಕಡೆ ಒಟ್ಟಿಗೆ ಎಳೆಯುವ ಎಲೆಕ್ಟ್ರಿಕ್ ಪಂಪ್. ಹಾಲು ಮೋಟಾರಿನ ಕಡೆ ಹೋಗದ ಕ್ಲೋಸ್ಡ್ ಸಿಸ್ಟಮ್ ಇರಲಿ. ಬ್ಯಾಗಿನಲ್ಲಿ ಒಂದು ಕೈ ಪಂಪ್ ಇರಲಿ, ಚಾರ್ಜ್ ಮುಗಿದ ದಿನ ಅದೇ ಕಾಪಾಡುತ್ತದೆ. ಬಟ್ಟೆಯೊಳಗೆ ಇಟ್ಟುಕೊಳ್ಳುವ ವೇರಬಲ್ ಪಂಪ್ ಅನುಕೂಲವೇನೋ ಹೌದು, ಆದರೆ ಶುರುವಿನಲ್ಲಿ ಅದೊಂದನ್ನೇ ನಂಬಿ ಕೂರಬೇಡಿ.

ಇನ್ನು ಎಷ್ಟು ಹಾಲು ಬೇಕು ಅನ್ನುವ ಲೆಕ್ಕ. ರೀಲ್ಸ್‌ನಲ್ಲಿ ಫ್ರೀಜರ್ ತುಂಬ ಪ್ಯಾಕೆಟ್ ಜೋಡಿಸಿ ತೋರಿಸುತ್ತಾರಲ್ಲ, ಅದನ್ನು ನೋಡಿ ಹೆದರಿದವರೇ ಜಾಸ್ತಿ. ಎದೆಹಾಲು ಮಾತ್ರ ಕುಡಿಯುವ ಮಗು ಒಂದರಿಂದ ಆರು ತಿಂಗಳವರೆಗೆ ದಿನಕ್ಕೆ ಸರಾಸರಿ 750 ಮಿಲಿ ಆಸುಪಾಸು ಕುಡಿಯುತ್ತದೆ. ಅಂದರೆ ಗಂಟೆಗೆ ಸುಮಾರು 30 ಮಿಲಿ. ಬೆಂಗಳೂರಿನ ಟ್ರಾಫಿಕ್ಕನ್ನೂ ಸೇರಿಸಿ ನೀವು 10 ಗಂಟೆ ಮನೆಯಿಂದ ಹೊರಗಿದ್ದರೆ 300 ಮಿಲಿ ಬೇಕು. ಆಫೀಸಿನಲ್ಲಿ ಮೂರು ಸಲ ಕೂತು ಒಂದೊಂದು ಸಲಕ್ಕೆ ಎರಡೂ ಕಡೆ ಸೇರಿ 100 ಮಿಲಿ ಬಂದರೆ ಮುಗಿಯಿತು, ನೀವು ಪಾಸ್. ಮೊದಲ ದಿನಕ್ಕೆ ಬೇಕಾಗುವಷ್ಟು, ಜೊತೆಗೆ ಚೆಲ್ಲಿ ಹೋದರೆ ಇರಲಿ ಅಂತ ಸ್ವಲ್ಪ, ಇಷ್ಟು ಕೂಡಿಟ್ಟುಕೊಂಡರೆ ಸಾಕು. ಆಮೇಲೆ ಇವತ್ತಿನದು ನಾಳೆಗೆ.

ಎಲ್ಲ ಸರಿ ಇದ್ದೂ ಮಗುವಿಗೆ ಸಾಲ್ತಿಲ್ಲ ಅನ್ನಿಸುತ್ತದೆಯಾ? ಹಾಗಾದರೆ ಬಾಟಲಿ ನೋಡಿ. ಅಜ್ಜಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು, ಬಾಟಲಿಯನ್ನು ನೆಟ್ಟಗೆ ಮೇಲಿಂದ ಹಿಡಿದರೆ ಹಾಲು ತಾನಾಗಿಯೇ ಬಾಯಿಗೆ ಸುರಿಯುತ್ತದೆ. ಮಗು ನುಂಗದೆ ಏನು ಮಾಡೀತು? 150 ಮಿಲಿ ಐದು ನಿಮಿಷಕ್ಕೆ ಖಾಲಿ, ಹೊಟ್ಟೆ ತುಂಬಿದ್ದು ಗೊತ್ತಾಗುವ ಮೊದಲೇ ಖಾಲಿ. ಮಗು ಇನ್ನೂ ಬಾಯಿ ಚಪ್ಪರಿಸುತ್ತದೆ. ನೋಡು, ಹಸಿವು ಇಂಗಿಲ್ಲ, ನಿನ್ನ ಹಾಲು ಸಾಲ್ತಿಲ್ಲ ಅಂತಾರೆ ಅಜ್ಜಿ. ಮಗುವನ್ನು ಕೂರಿಸಿದ ಹಾಗೆ ಹಿಡಿದು, ಬಾಟಲಿಯನ್ನು ಅಡ್ಡವಾಗಿ ಇಟ್ಟು, ನಡುನಡುವೆ ಬಿಡುವು ಕೊಟ್ಟು ಕುಡಿಸಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ. ನಿಪ್ಪಲ್ ಅತಿ ನಿಧಾನದ್ದೇ ಇರಲಿ. ಪ್ಯಾಕೆಟ್ ಮೇಲೆ ಮೂರು ತಿಂಗಳು, ಆರು ತಿಂಗಳು ಅಂತ ಬರೆದಿದೆ ಅಂತ ದೊಡ್ಡದಕ್ಕೆ ಹೋಗಬೇಕಿಲ್ಲ, ಎದೆಯಲ್ಲಿ ಹಾಲಿನ ಓಟ ತಿಂಗಳಿಗೊಮ್ಮೆ ಬದಲಾಗುತ್ತದೆಯೇ? ಪ್ಲಾಸ್ಟಿಕ್ ಆದರೆ ಐಎಸ್‌ಐ ಗುರುತು ನೋಡಿ ತಗೊಳ್ಳಿ.

ಬಾಟಲಿ ಬಾಯಿಗೇ ಇಡದ ಮಕ್ಕಳೂ ಇದ್ದಾವೆ. ಅವಕ್ಕೆ ನಮ್ಮ ಒಳಲೆ ಇದೆ, ಮೂತಿ ಇರುವ ಆ ಪುಟ್ಟ ಬಟ್ಟಲು. ಅಟ್ಟದಲ್ಲಿ ಹುಡುಕಿದರೆ ಬೆಳ್ಳಿಯದೋ ಹಿತ್ತಾಳೆಯದೋ ಒಂದು ಸಿಗುತ್ತದೆ, ಅಂಗಡಿಯಲ್ಲಿ ಸ್ಟೀಲಿನದೂ ಇದೆ. ಆಸ್ಪತ್ರೆಯ ನರ್ಸ್‌ಗಳು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೂ ಅದರಲ್ಲೇ ಕುಡಿಸುತ್ತಾರೆ. ಸಂದಿಗೊಂದಿ ಇಲ್ಲ, ತೊಳೆಯುವುದು ಸುಲಭ.

ಭಾರತದಲ್ಲಿ ಹಾಲಿನ ಬಾಟಲಿಗೂ ಶಿಶುಗಳ ಪುಡಿಹಾಲಿಗೂ ಜಾಹೀರಾತು ಕೊಡುವ ಹಾಗೇ ಇಲ್ಲ, 1992ರ ಕಾನೂನು ಅದನ್ನು ನಿಷೇಧಿಸಿದೆ. ಆದರೂ ಡಬ್ಬಿ ಮನೆಗೆ ಬರುತ್ತದೆ. ಸಾಲ್ತಿಲ್ಲ ಅನ್ನುವ ನಮ್ಮ ಭಯಕ್ಕಿಂತ ದೊಡ್ಡ ಜಾಹೀರಾತು ಬೇಕಾ? ಹಾಗಂತ ಡಬ್ಬಿ ಹಾಲು ಪಾಪ ಅಂತ ನಾನು ಹೇಳುತ್ತಿಲ್ಲ. ಮಗುವಿನ ತೂಕ ಏರುತ್ತಿಲ್ಲ, ಉಚ್ಚೆ ಕಡಿಮೆ ಆಗಿದೆ ಅಂದರೆ ನನ್ನ ಪೋಸ್ಟ್ ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್‌ನಂಥ ಕಾರಣಕ್ಕೆ ನಿಜವಾಗಿಯೂ ಹಾಲು ಕಡಿಮೆ ಆಗುವವರು ಇದ್ದಾರೆ. ಆದರೆ ತೂಕದ ಕಾರ್ಡ್ ಹೇಳಬೇಕಾದ್ದನ್ನು ಪಂಪಿನ ಬಾಟಲಿ ಹೇಳಬಾರದು. ಮಗು ಎಳೆಯುವಷ್ಟು ಚೆನ್ನಾಗಿ ಯಂತ್ರ ಎಳೆಯುವುದಿಲ್ಲ.

ಹಿಂಡಿದ ಹಾಲು ಇಡುವ ವಿಷಯ ಬೇಗ ಮುಗಿಸುತ್ತೇನೆ. ಫ್ರಿಜ್ಜಿನ ಹೊರಗೆ, ಕೋಣೆ 25 ಡಿಗ್ರಿ ಒಳಗಿದ್ದರೆ 4 ಗಂಟೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ 4 ಗಂಟೆಯನ್ನು ಮರೆತುಬಿಡಿ, ಹಿಂಡಿದ ಕೂಡಲೇ ಫ್ರಿಜ್ಜಿಗೆ. ಫ್ರಿಜ್ಜಿನಲ್ಲಿ 4 ದಿನ, ಬಾಗಿಲಲ್ಲಿ ಅಲ್ಲ, ಹಿಂದುಗಡೆ. ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗಿನಲ್ಲಿ 24 ಗಂಟೆ. ಫ್ರೀಜರ್‌ನಲ್ಲಿ 6 ತಿಂಗಳು. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ, ಫ್ರಿಜ್ಜಿನಲ್ಲೇ ಇಟ್ಟು 24 ಗಂಟೆಯೊಳಗೆ ಮುಗಿಸಿ. ಮಗು ಕುಡಿದು ಬಿಟ್ಟಿದ್ದು 2 ಗಂಟೆ ಅಷ್ಟೇ. ಮೈಕ್ರೋವೇವ್ ಬೇಡವೇ ಬೇಡ, ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಡಿ. ಫ್ರಿಜ್ಜಿನ ಹಾಲಿನಲ್ಲಿ ಕೆನೆ ಮೇಲೆ ಬಂದು ಕೆಳಗೆ ನೀರು ನೀರಾಗಿ ಕಾಣುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಒಡೆದುಹೋಗಿದೆ ಅಂತ ಸಿಂಕಿಗೆ ಸುರಿಯುತ್ತಾರೆ. ಮೆಲ್ಲಗೆ ತಿರುಗಿಸಿದರೆ ಬೆರೆತುಕೊಳ್ಳುತ್ತದೆ.

ಈಗ ಆಫೀಸು. ನನ್ನ ಪ್ರಕಾರ ಹಾಲು ಕಡಿಮೆ ಆಗುವುದು ಜಾಸ್ತಿ ಇಲ್ಲೇ. ಎದೆ ಖಾಲಿಯಾದಷ್ಟೂ ಹಾಲು ತಯಾರಾಗುತ್ತದೆ. ಹಾಲು ಕಟ್ಟಿಕೊಂಡು ಕೂತಿದ್ದರೆ ಸಾಕು ನಿಲ್ಲಿಸು ಅಂತ ಮೈಗೆ ಸಂದೇಶ ಹೋಗುತ್ತದೆ. ಮೂರು ಸಲ ಮಾಡಬೇಕಾದಲ್ಲಿ ದಿನಾ ಒಂದು ಸಲ ಮಾಡಿದರೆ ಯಾವ ಸೊಪ್ಪೂ ಉಳಿಸುವುದಿಲ್ಲ. ನನಗೆ ಆಗ ತೋರಿಸಿದ್ದು ಹಳೇ ಮಾನಿಟರ್‌ಗಳನ್ನು ಪೇರಿಸಿದ್ದ ಸ್ಟೋರ್ ರೂಮು. ಚಿಲಕ ಇಲ್ಲ, ಪ್ಲಗ್ ಪಾಯಿಂಟ್ ಇತ್ತು, ಕರೆಂಟ್ ಇರಲಿಲ್ಲ. ಟಾಯ್ಲೆಟ್ ಇದೆಯಲ್ಲ ಅಂದವರೂ ಇದ್ದರು. ಅವರ ಊಟದ ಡಬ್ಬಿಯನ್ನು ಅಲ್ಲಿ ತೆರೆಯುತ್ತಾರಾ ಕೇಳಬೇಕಿತ್ತು.

ಕಾನೂನು ಏನು ಹೇಳುತ್ತದೆ ಗೊತ್ತಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮ ಅಂತ ಇತ್ತು. 2017ರ ತಿದ್ದುಪಡಿಯಲ್ಲಿ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಕೂಸಿನ ಮನೆ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್, ಬಂತು. 26 ವಾರದ ವಿಷಯ ಎಲ್ಲರಿಗೂ ಗೊತ್ತು, ಆ ಎರಡು ವಿರಾಮದ ವಿಷಯ ಎಚ್‌ಆರ್‌ಗೂ ಗೊತ್ತಿರುವುದಿಲ್ಲ. ರಜೆ ಮುಗಿಯುವ ಮೊದಲೇ ಮೇಲ್ ಹಾಕಿ. ಚಿಲಕ, ಕುರ್ಚಿ, ಕರೆಂಟ್, ಫ್ರಿಜ್ಜಿನಲ್ಲಿ ಒಂದು ಮೂಲೆ, ಇಷ್ಟನ್ನು ಬರಹದಲ್ಲಿ ಕೇಳಿ. ಕ್ಯಾಲೆಂಡರ್‌ನಲ್ಲಿ ಪಂಪಿಂಗ್ ಸಮಯವನ್ನು ಮೊದಲೇ ಬ್ಲಾಕ್ ಮಾಡಿ, ಅದರ ಮೇಲೆ ಮೀಟಿಂಗ್ ಹಾಕಿದವರಿಗೆ ಬೇರೆ ಸಮಯ ಕೊಡಿ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೂತು ಹೊಲಿಯುವವಳು ಯಾವ ಕ್ಯಾಲೆಂಡರ್ ಬ್ಲಾಕ್ ಮಾಡುತ್ತಾಳೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅವಳಿಗೂ ಕಾಯ್ದೆ ಅದೇ, ವಿರಾಮ ಅದೇ, ಆದರೆ ಟಾರ್ಗೆಟ್ ತಪ್ಪಿದರೆ ಬೈಗುಳ ತಿನ್ನುವವಳು ಅವಳು. ಕಂಪನಿಯ ಎಸಿ ಕೋಣೆಯಲ್ಲಿ ಮದರ್ಸ್ ರೂಮ್ ಅಂತ ರಿಬ್ಬನ್ ಕತ್ತರಿಸುವ ಫೋಟೊಗಳನ್ನು ಮಹಿಳಾ ದಿನಕ್ಕೆ ಹಾಕುವವರು ಒಮ್ಮೆ ತಮ್ಮ ಹೌಸ್‌ಕೀಪಿಂಗ್ ಹೆಂಗಸರಿಗೂ ಆ ಬಾಗಿಲು ತೆರೆಯುತ್ತದಾ ನೋಡಲಿ. ಅವರ ಕಾರ್ಡ್‌ಗೆ ಆ ಫ್ಲೋರಿಗೆ ಪ್ರವೇಶ ಇದೆಯಾ, ಅದನ್ನು ಮೊದಲು ಕೇಳಿ.