ಒಂದು ಗಾಜ್ ಕಮ್ಮಿ

ಇವತ್ತು ಬೆಳಿಗ್ಗೆ ಲಿಫ್ಟಲ್ಲಿ ಮೂರನೇ ಮಹಡಿ ಆಂಟಿ ಸಿಕ್ಕರು. "ಆಫ್ರಿಕಾಗೆ ಹೋಗಿದ್ಯಲ್ಲ, ಎಷ್ಟು ಕೊಟ್ರು?" ಈ ಪ್ರಶ್ನೆ ಇದು ನಾಲ್ಕನೇ ಸಲ. ಏನೂ ಕೊಡಲಿಲ್ಲ ಆಂಟಿ, ಟಿಕೆಟ್ಟೂ ನಂದೇ ದುಡ್ಡು ಅಂತ ನಾನೂ ನಾಲ್ಕನೇ ಸಲ ಹೇಳಿದೆ. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಪ್ಪ" ಅಂದರು.

ನಾನು ಓಟಿ, ಅಂದ್ರೆ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಸರ್ಜನ್ ಕೈ ಚಾಚಿದಾಗ ಸರಿಯಾದ ಕತ್ತರಿ ಕೊಡೋನು, ಸಾಮಾನು ಎಣಿಸೋನು. ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋ ಚಿಕ್ಕಪ್ಪ ಇರ್ತಾರಲ್ಲ, ಹಾಗೆ.

ಇಥಿಯೋಪಿಯಾದಲ್ಲಿ ಸೀಳುತುಟಿ ಮಕ್ಕಳ ಆಪರೇಷನ್ ಕ್ಯಾಂಪ್. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹೋದೆ. ಹೋದ ದಿನವೇ ಎಡವಟ್ಟು. "ನಾಳೆ 2 ಗಂಟೆಗೆ ಗಾಡಿ ಬರುತ್ತೆ" ಅಂದರು. ಮಧ್ಯಾಹ್ನ ತಾನೆ ಅಂತ ಹೊದ್ದು ಮಲಗಿದ್ದರೆ ಬೆಳಿಗ್ಗೆ 8ಕ್ಕೇ ಬಾಗಿಲು ಬಡಿದರು. ಅಲ್ಲಿ ಗಂಟೆ ಎಣಿಸೋಕೆ ಶುರು ಮಾಡೋದೇ ಬೆಳಗಾದ ಮೇಲೆ, ನಮ್ಮ 7 ಅವರಿಗೆ 1. "ಸಿಲ್ಕ್ ಬೋರ್ಡ್ ದಾಟಿದೀನಿ, ಐದೇ ನಿಮಿಷ" ಅನ್ನೋರ ಲೆಕ್ಕ ಅರ್ಥವಾಗೋ ನನಗೆ ಇದು ಅರ್ಥವಾಗೋಕೆ ಎರಡು ದಿನ ಬೇಕಾಯ್ತು.

ಮೂರನೇ ದಿನದ್ದು ಕೇಳಿ. ಆಪರೇಷನ್ ಮುಗಿಸೋ ಮುಂಚೆ ರಕ್ತ ಒರೆಸೋ ಗಾಜ್ ಬಟ್ಟೆ ಎಣಿಸಲೇಬೇಕು, ಒಂದೂ ಒಳಗೆ ಉಳೀಬಾರದು. ಇಟ್ಟಿದ್ದು 20, ಸಿಕ್ಕಿದ್ದು 19. ಮತ್ತೆ ಎಣಿಸಿದೆ, 19. ಸರ್ಜನ್ ಸೂಜಿ ಹಿಡಿದು ಸುಮ್ನೆ ನಿಂತರು, ಆ ಸುಮ್ನೆ ಇದೆಯಲ್ಲ, ಅದಕ್ಕಿಂತ ಬೈಗುಳ ವಾಸಿ. ಬಕೆಟ್ ಬಗ್ಗಿ ನೋಡಿದೆ, ಟೇಬಲ್ ಕೆಳಗೆ ತೂರಿದೆ, ಬುಟ್ಟಿ ಸುರುವಿ ಇಕ್ಕಳದಲ್ಲಿ ಒಂದೊಂದೇ ಎತ್ತಿ ನೋಡಿದೆ. ಅರಿವಳಿಕೆ ಡಾಕ್ಟರ್ ಮಗುವಿನ ಗಂಟಲಿಗೆ ಎರಡು ಸಲ ಟಾರ್ಚ್ ಬಿಟ್ಟರು. ಕೊನೆಗೆ ಅಲ್ಲಿನ ಸಹಾಯಕಿ ಮಾತಿಲ್ಲದೆ ನನ್ನ ಕಾಲು ತೋರಿಸಿದರು. ಚಪ್ಪಲಿ ಅಡಿಗೆ ಅಂಟಿಕೊಂಡಿತ್ತು! ಅಷ್ಟೂ ಹೊತ್ತು ಅದನ್ನೇ ಮೆಟ್ಟಿಕೊಂಡು ಅದನ್ನೇ ಹುಡುಕಿದ್ದೆ.

ಈ ಕಥೆಯನ್ನ ಹಿಂದೊಂದು ಸಲ ಆಂಟಿಗೆ ಹೇಳಿದ್ದು ನನ್ನ ತಪ್ಪು. ಅವರ ಕಿವಿಗೆ ಗಾಜ್ ಹೋಗಿ ಗಾಜು ಆಯ್ತು. ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟಿಗೆ, ನಾನು ಯಾವುದೋ ಮಗುವಿನ ಬಾಯಲ್ಲಿ ಗಾಜಿನ ಚೂರು ಬಿಟ್ಟು ವಿಮಾನ ಹತ್ತಿ ಓಡಿಬಂದಿದ್ದೆ. ವಾಚ್‌ಮನ್ ಗೇಟ್ ತೆಗೀತಾ ಮೆಲ್ಲಗೆ "ಸಾರ್, ಆ ಮಗು ಉಳೀತಾ?" ಅಂದ.

ಉಳೀತು ಮಾರಾಯ. ವಾರ್ಡಿನಲ್ಲಿ ಅದರ ತಾಯಿ ಮಗುವಿನ ಮುಖ ನೋಡಿದಳು, ಕೈಗೆ ಕಟ್ಟಿದ ಹೆಸರಿನ ಪಟ್ಟಿ ನೋಡಿದಳು, ಮತ್ತೆ ಮುಖ. ನಂಬಿಕೆ ಬರಲಿಲ್ಲ ಅನ್ಸುತ್ತೆ, ಕಿವಿ ಹಿಂದೆ ಏನೋ ಮಚ್ಚೆ ಹುಡುಕಿ, ಸಿಕ್ಕಮೇಲೆ ಎದೆಗೆ ಒತ್ತಿಕೊಂಡಳು. ನಾನು ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಯಾಕೆ ಅಲ್ಲಿಗೆ ಹೋಗಿದ್ದೆ ಅನ್ನೋದೇ ಮರೆತುಹೋಗಿತ್ತು.

ಇವತ್ತು ಲಿಫ್ಟಲ್ಲಿ ಇದನ್ನೂ ಆಂಟಿಗೆ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಮೂರನೇ ಮಹಡಿ ಬಂತು. "ಸಂಜೆ ಮನೆಗೆ ಬಾ, ನಮ್ಮನೆಯವರ ಬಿಪಿ ನೋಡು" ಅಂದರು, ಬಾಗಿಲು ಮುಚ್ಚೋ ಹೊತ್ತಿಗೆ. "ಹೇಗೂ ನೀನು ದುಡ್ಡು ತಗೊಳ್ಳಲ್ವಲ್ಲ."