ಫಾರಿನ್ ಪ್ರವಾಸಿಗರನ್ನು ನಂಬಿ ಆನೆಗೊಂದಿ ಭಾಗ ಬೆಳೆಯುತ್ತಾ? ಪರ–ವಿರೋಧ

ಪರ

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅದನ್ನು ನೋಡಲು ಬಂದ ವಿದೇಶಿಯರಲ್ಲಿ ಬಹಳ ಜನ ತುಂಗಭದ್ರಾ ಹೊಳೆ ದಾಟಿ, ಆನೆಗೊಂದಿ ಇರುವ ನಮ್ಮ ಕೊಪ್ಪಳ ಜಿಲ್ಲೆಯ ಕಡೆ ಉಳಿಯುತ್ತಾರೆ. ಗುಡಿ ನೋಡಿ ಸಂಜೆ ಬಸ್ ಹತ್ತುವವರಲ್ಲ ಇವರು. ಬಂಡೆ ಹತ್ತೋಕೆ ಅಂತಲೇ ಬರುವವರಿದ್ದಾರೆ. ಬಿದ್ದರೆ ಪೆಟ್ಟಾಗದಿರಲಿ ಅಂತ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ನಸುಕಿಗೇ ಹೊರಡುತ್ತಾರೆ, ಕಲ್ಲು ಕಾಯುವಷ್ಟರಲ್ಲಿ ವಾಪಸ್. ರೂಮು, ಊಟ, ಬಾಡಿಗೆ ಮೊಪೆಡ್ಡು ಅಂತ ಅವರ ದುಡ್ಡು ಊರಲ್ಲೇ ಓಡಾಡುತ್ತದೆ. ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರು ಹೊಸೆದು ಚೀಲ, ಬುಟ್ಟಿ ಮಾಡುತ್ತಾರಲ್ಲ, ಅದಕ್ಕೂ ಗಿರಾಕಿ ಬೇಕು. ಗೊನೆ ಕಡಿದ ಮೇಲೆ ಬಿಸಾಕುವ ದಿಂಡಿನಿಂದ ಬರುವ ಸಂಪಾದನೆ ಅದು!

ಭತ್ತ ಇದೆಯಲ್ಲ ಅಂತೀರಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಕಾಲುವೆ ನಂಬಿದವರ ಗತಿ ನೋಡಿದ್ದೀರಿ.

ವಿರೋಧ

ಹಂಪಿ ಎದುರಿನ ನಡುಗಡ್ಡೆ, ವಿರೂಪಾಪುರ ಗಡ್ಡೆ ನೆನಪಿದೆಯಾ? ಬೋರ್ಡು, ಮೆನು ಹಿಬ್ರೂನಲ್ಲಿ. ಇಸ್ರೇಲಿನ ಹುಡುಗರು ಅಲ್ಲೇ ಠಿಕಾಣಿ. ಅಭಿವೃದ್ಧಿ ಅಂದ್ರೆ ಇದೇ ಅನ್ನಿಸುತ್ತಿತ್ತು. ಸಂರಕ್ಷಿತ ಪ್ರದೇಶದಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಕಟ್ಟಿದ್ದು ಅಕ್ರಮ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು, ಅದರ ಬೆನ್ನಿಗೇ ಲಾಕ್‌ಡೌನ್. ಕೋರ್ಟನ್ನು ಬೈದು ಪ್ರಯೋಜನವಿಲ್ಲ. ಜನ ಬರುವುದೇ ಕಲ್ಲು, ಹೊಳೆ, ಗದ್ದೆ ನೋಡೋಕೆ. ಅದು ಉಳಿಯಬೇಕಾದರೆ ಕಟ್ಟಡಕ್ಕೆ ಕಡಿವಾಣ ಬೇಕೇ ಬೇಕು. ಹಾಗಿದ್ದಮೇಲೆ ಈ ವ್ಯಾಪಾರ ಎಷ್ಟು ತಾನೇ ದೊಡ್ಡದಾದೀತು?

ಅದೂ ಚಳಿಗಾಲದ ಸೀಸನ್ ಮಾತ್ರ. ಏಪ್ರಿಲ್ ಬಿಸಿಲಿಗೆ ಬಂಡೆ ಮುಟ್ಟೋಕಾಗಲ್ಲ, ಹೋಂಸ್ಟೇ ಅಡುಗೆಯವನಿಗೆ ಕೆಲಸವಿಲ್ಲ. ಮೇಲಿಂದ, ಎಲ್ಲೋ ಯುದ್ಧವಾದರೂ ಬುಕಿಂಗ್ ಕ್ಯಾನ್ಸಲ್. 2025ರ ಮಾರ್ಚ್‌ನಲ್ಲಿ ಇಲ್ಲೇ ಹತ್ತಿರದ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ದಾಳಿಯ ಸುದ್ದಿ ಹೊರದೇಶಗಳಿಗೆ ಮುಟ್ಟೋಕೆ ಎಷ್ಟು ಹೊತ್ತು ಹಿಡಿಯಿತು? ಅಲ್ಲಿ ಕೊರತೆ ಇದ್ದದ್ದು ಹೋಟೆಲಿನದಲ್ಲ. ರಾತ್ರಿ ಕಾವಲಿನದು, ದೀಪದ್ದು. ಅವು ಊರಿನವರಿಗೂ ಬೇಕಲ್ವಾ?

ಹನುಮಂತ ಹುಟ್ಟಿದ ಜಾಗ ಅಂತ ಭಕ್ತರು ನಂಬುವ, ಇಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟ ನೋಡಿ. 575 ಮೆಟ್ಟಿಲ ಬುಡದಲ್ಲಿ ಕಾಯಿ, ಹೂವು, ಸೋಡಾ ಮಾರುವವರಿಗೆ ಡಾಲರ್ ಬೇಕಿಲ್ಲ. ಬಿಸಿಲಿರಲಿ, ಮಳೆಯಿರಲಿ, ಶನಿವಾರ ಬಂತೆಂದರೆ ಭಕ್ತರು ಬರುತ್ತಾರೆ. ಒಬ್ಬೊಬ್ಬರ ಖರ್ಚು ಕಡಿಮೆ, ನಿಜ. ಆದರೆ ಅವರಿಗೆ ವೀಸಾದ ತಾಪತ್ರಯವಿಲ್ಲ. ಸರ್ಕಾರ ದುಡ್ಡು ಹಾಕುವುದಾದರೆ ಮೊದಲು ಅಲ್ಲಿಗೆ ಶೌಚಾಲಯ, ಗಂಗಾವತಿಯಿಂದ ಜಾಸ್ತಿ ಬಸ್ಸು ಕೊಡಲಿ.