ಗೇಟಿನತನಕ ಜಗ್ಗಲಿಗಿ

ಹುಬ್ಬಳ್ಳಿ-ಧಾರವಾಡದ ಹುಡುಗರು ಮಂಗೋಲಿಯಾ ಕಂಡುಹಿಡಿದಿದ್ದಾರೆ. ಚಹಾದಂಗಡಿ ಮುಂದೆ ಹೆಡ್‌ಫೋನ್ ಹಾಕಿಕೊಂಡು ಯಾರಾದರೂ ಕಣ್ಣು ಮುಚ್ಚಿ ನಿಂತಿದ್ದರೆ ಅದು 'ದ ಹೂ' ಎಂದು ತಿಳಿಯಿರಿ. 2016ರಲ್ಲಿ ಹುಟ್ಟಿದ ತಂಡ. ಕುದುರೆ ತಲೆ ಕೆತ್ತಿದ ಎರಡು ತಂತಿಯ ಮೊರಿನ್ ಹೂರ್, ಒಂದೇ ಗಂಟಲಿನಿಂದ ಎರಡು ಸ್ವರ ಹೊರಡಿಸುವ ಹಾಡುಗಾರಿಕೆ, ಅದರ ಬೆನ್ನಿಗೆ ಹೆವಿ ಮೆಟಲ್. ಚಲೋ ಸಂಗೀತ, ತಕರಾರಿಲ್ಲ. ಮಾಲಿ ದೇಶದ ತಿನಾರಿವೆನ್ ಇನ್ನೂ ಚಲೋ. ಸಹಾರಾದ ತುವಾರೆಗ್ ಮಂದಿ ತಮ್ಮ ಹಳೆಯ ಧಾಟಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿದರು, ಮರುಭೂಮಿಯಲ್ಲೇ ಡೇರೆ ಹೊಡೆದು ರೆಕಾರ್ಡಿಂಗ್ ಮಾಡಿದರು, 2012ರಲ್ಲಿ ಗ್ರ್ಯಾಮಿ ಎತ್ತಿಕೊಂಡರು.

ಆ ಗ್ರ್ಯಾಮಿ ಸಿಕ್ಕಿದ್ದು 'ವರ್ಲ್ಡ್ ಮ್ಯೂಸಿಕ್' ವಿಭಾಗದಲ್ಲಿ. ಮಾಲಿ, ಬಲ್ಗೇರಿಯಾ, ಪಾಕಿಸ್ತಾನದ ರೆಕಾರ್ಡುಗಳನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಅಂಗಡಿಯವರಿಗೆ ತಿಳಿಯದೆ, 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಕಂಪನಿಗಳವರು ಕೂತು ಈ ಹಣೆಪಟ್ಟಿಗೆ ಒಪ್ಪಿಗೆ ಹಾಕಿದರು. ಇಡೀ ಜಗತ್ತಿಗೆ ಒಂದು ಕಪಾಟು! 2020ರಲ್ಲಿ ಗ್ರ್ಯಾಮಿಯವರು ನಾಚಿಕೊಂಡು ಅದನ್ನು 'ಗ್ಲೋಬಲ್' ಮಾಡಿದರು. ಕಾರ್ಯಕ್ರಮ ನಡೆಸುವ ನಮ್ಮ ಸಮಿತಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ರೂಟ್ಸ್' ಎನ್ನುತ್ತವೆ. ಬೇರು ಎಂದರೆ ಟಿಕೆಟ್ ಹೋಗುವುದಿಲ್ಲ.

ಇಂಥ 'ರೂಟ್ಸ್' ಸಂಜೆಗೆ ಮೊದಲು ಬೇಕಾದದ್ದು ಜಗ್ಗಲಿಗಿ. ಹುಬ್ಬಳ್ಳಿ ತಾಲೂಕಿನ ಬ್ಯಾಹಟ್ಟಿ ಕಡೆಯ ವಾದ್ಯ. ಚಕ್ಕಡಿಯ ಗಾಲಿಗೆ ಎಮ್ಮೆ ಚರ್ಮ ಬಿಗಿದದ್ದು. ಹೋಳಿ, ಯುಗಾದಿಗೆ ಉರುಳಿಸಿಕೊಂಡು ಬಂದು ಬಡಿಯುತ್ತಾರೆ. ಸಮಿತಿಯ ಲೆಕ್ಕದಲ್ಲಿ ಅದರ ಜಾಗ ಗೇಟು. ಸಾಹೇಬರ ಕಾರಿನ ಬಾಗಿಲು ತೆಗೆದಾಗ ಶುರು, ಸಾಹೇಬರು ವೇದಿಕೆಯ ಮೆಟ್ಟಿಲು ಹತ್ತಿದಾಗ ಬಂದ್. ಒಟ್ಟು ನಾಲ್ಕು ನಿಮಿಷ. ಆಮೇಲೆ ಒಂದು ಶಾಲು, ಒಂದು ಪ್ರಮಾಣಪತ್ರ, ಒಂದು ಪ್ಲೇಟ್ ಗಿರಮಿಟ್. ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಕೂತಿರುತ್ತದೆ.

ಒಮ್ಮೊಮ್ಮೆ ಯಾರಿಗೋ ಬುದ್ಧಿ ಬಂದು, ಫ್ಯೂಜನ್ ಮಾಡೋಣವೆಂದು ಗೇಟಿನವರನ್ನು ವೇದಿಕೆಗೇ ಕರೆಯುತ್ತಾರೆ. ಅಲ್ಲಿಂದ ಮುಂದೆ ಕೆಡುವ ಕ್ರಮ ಯಾವತ್ತೂ ಒಂದೇ.

ಮೈಕಿನವನು ಬಂದು ತಲೆ ಎಣಿಸುತ್ತಾನೆ. ಎದೆಯೆತ್ತರದ ಜಗ್ಗಲಿಗಿಗಳ ನಡುವೆ ಒಬ್ಬನ ಕೈಯಲ್ಲಿ ಪುಟ್ಟದೊಂದು ವಾದ್ಯ ಕಾಣುತ್ತದೆ: ಮಣ್ಣಿನ ಮೈ, ಕರುವಿನ ಚರ್ಮ. ಅದು ಕಣಿಹಲಗಿ. "ಸಣ್ಣದೈತಲ್ರೀ, ಅದಕ್ಯಾಕ ಮೈಕು? ಅವರನ್ನ ಸೈಡಿಗೆ ನಿಂದರಸ್ರಿ." ಇಡೀ ಮೇಳ ಕಿವಿಗೊಡುವುದು ಆ ಸಣ್ಣದಕ್ಕೇ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಓಟ ಹಿಡಿಯಬೇಕು ಎಂದು ಹೇಳುವವನು ಅವನೇ. ಅವನು ಪರದೆಯ ಹಿಂದಾದ ಮೇಲೆ ದೊಡ್ಡ ವಾದ್ಯಗಳು ಒಂದೊಂದು ಓಣಿ ಹಿಡಿಯುತ್ತವೆ. ಮರುದಿನ ಸಮಿತಿಯವರ ಅಭಿಪ್ರಾಯ: "ಹಳ್ಳಿ ಮಂದಿಗೆ ಟೈಮಿಂಗ್ ಇಲ್ರೀ."

ಟೈಮಿಂಗ್ ಅಂದರೆ ಅವರ ಮಟ್ಟಿಗೆ ನಿಮಿಷಕ್ಕೆ 120 ಬಡಿತ. ಸಂಗೀತದ ಸಾಫ್ಟ್‌ವೇರ್ ತೆರೆದರೆ ಸಾಮಾನ್ಯವಾಗಿ ತಾನಾಗಿಯೇ ಬಂದು ಕೂರುವ ಅಂಕಿ ಅದು. ಯಾರೂ ಆರಿಸಿದ್ದಲ್ಲ, ಯಾರೂ ಬದಲಿಸಿಯೂ ಇಲ್ಲ. ಮೇಳವೋ ನಿಧಾನಕ್ಕೆ ಎದ್ದು, ಬಿಸಿಯೇರಿ, ಕೊನೆಗೆ ಓಡುವಂಥದ್ದು. ಕಿವಿಯಲ್ಲಿ ಟಕ್ ಟಕ್ ಎನ್ನುವ ಕ್ಲಿಕ್ ಕಟ್ಟಿದರೆ ಎತ್ತಿಗೆ ಗಾಣ ಕಟ್ಟಿದ ಹಾಗೆ.

ತಮಟೆಯಂಥ ಹಲಗಿಯದು ಬೇರೆ ಗೋಳು. ತಂಪು ಹಿಡಿದರೆ ಚರ್ಮ ಸಡಿಲಾಗಿ ದನಿ ಬೊದ್ದಾಗುತ್ತದೆ. ಬಡಿಯುವ ಮೊದಲು ಬೆಂಕಿಗೆ ಹಿಡಿದು ಕಾಸಲೇಬೇಕು. ಶ್ರಾವಣದ ಜಿಟಿಜಿಟಿಯಲ್ಲಿ, ಏಸಿ ಹಾಕಿದ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟು, "ಒಳಗ ಬೆಂಕಿ ಹಚ್ಚಂಗಿಲ್ಲ" ಎಂದು ಬೋರ್ಡು ಹಾಕಿ, ಹಲಗಿ ಯಾಕೆ ಮಾತಾಡಲೊಲ್ಲದು ಎಂದು ಕೇಳುತ್ತಾರೆ. ಹಿತ್ತಲಿನ ಬಾಗಿಲ ಹೊರಗೆ ಎರಡು ಹಿಡಿ ಹುಲ್ಲು, ಒಂದು ಕಡ್ಡಿಪೆಟ್ಟಿಗೆ, ನೀರಿನ ಬಕೆಟ್ಟು ಇಟ್ಟರೆ ಮುಗಿಯುವ ಮಾತು. ಇನ್ನು ಹಲಗಿಗೆ ಕೋಲು ಎರಡು, ಒಂದು ದಪ್ಪ, ಒಂದು ಸಣ್ಣ. ಸಣ್ಣ ಕಡ್ಡಿಯ ಚಿಟಿಚಿಟಿಯಲ್ಲೇ ನಡೆ ಇರುವುದು. ಅದನ್ನು ಗದ್ದಲವೆಂದು ಬಗೆದು, ಸಣ್ಣ ಸದ್ದನ್ನು ತಡೆಯುವ ಮಿಕ್ಸರಿನ ನಾಯ್ಸ್ ಗೇಟ್ ನುಂಗುತ್ತದೆ. ಉಳಿಯುವುದು ದಪ್ಪ ಕೋಲಿನ ಧಡ್ ಧಡ್. ಆ ನಾಯ್ಸ್ ಗೇಟಿನ ಗುಂಡಿ ಆಫ್ ಮಾಡಿ, ಮೈಕನ್ನು ಒಂದೂವರೆ ಅಡಿ ದೂರ ಸರಿಸಿದರೆ ಎರಡೂ ಕೇಳುತ್ತವೆ. ಆದರೆ ಅಷ್ಟೊಂದು ಗುಂಡಿಗಳ ಮಿಕ್ಸರಿಗೆ ಬಾಡಿಗೆ ಕೊಟ್ಟು ಒಂದನ್ನು ಬಂದ್ ಮಾಡುವುದೆಂದರೆ ಯಾರ ಕರುಳು ತಾನೇ ಒಪ್ಪೀತು?

ತತ್ವಪದದ ಅಜ್ಜನದು ಕೊನೆಯ ಸರದಿ. ಅವರ ಏಕತಾರಿ ಅವರ ಗಂಟಲಿಗೆ ಹೊಂದಿಸಿದ್ದು. ಕೀಬೋರ್ಡಿನ ಬಿಳಿ ಮನೆಗೂ ಕರಿ ಮನೆಗೂ ನಡುವೆ ಎಲ್ಲೋ ಕೂರುತ್ತದೆ. ಕೀಬೋರ್ಡಿನಲ್ಲಿ ಫೈನ್ ಟ್ಯೂನ್ ಎಂಬ ಸೌಲಭ್ಯವಿದೆ, ಎರಡು ನಿಮಿಷದ ಕೆಲಸ. "ಅಜ್ಜಾರ, ಒಂದೀಟು ಶ್ರುತಿ ಇಳಸ್ರಲ್ಲ" ಎನ್ನುವುದು ಎರಡು ಸೆಕೆಂಡಿನ ಕೆಲಸ. ಅಜ್ಜ ಇಳಿಸುತ್ತಾರೆ, ಶರೀಫರ ಪದ ನೆಲ ಹಿಡಿಯುತ್ತದೆ. ಅದನ್ನು ಎತ್ತಲು, ದನಿಯನ್ನು ತಾನಾಗಿಯೇ ಶ್ರುತಿಗೆ ಎಳೆಯುವ ಆಟೋಟ್ಯೂನ್. ಯಾರೂ ಹೇಳಿಕೊಡದಿದ್ದರೆ ಹನ್ನೆರಡು ಮನೆಗಳಾಚೆ ಸ್ವರವಿದೆಯೆಂದು ಆ ಯಂತ್ರಕ್ಕೆ ಗೊತ್ತಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರ ಲೆಕ್ಕದಲ್ಲಿ ತಪ್ಪು. ಗಂಗೂಬಾಯಿ ಹಾನಗಲ್ಲರ, ಭೀಮಸೇನ ಜೋಶಿಯವರ ಸೀಮೆಯಲ್ಲಿ ಮೀಂಡನ್ನು ತಿದ್ದುವ ಯಂತ್ರಕ್ಕೆ ದಿನಬಾಡಿಗೆ!

ತಿನಾರಿವೆನ್ ಕೇಳಿ ತಲೆದೂಗುವವರು ಒಂದನ್ನು ಮಾತ್ರ ಕೇಳಿಸಿಕೊಂಡಿಲ್ಲ. ಅಲ್ಲಿ ಗಿಟಾರು ಹಳೆಯ ಧಾಟಿಯ ಹಿಂದೆ ನಡೆಯುತ್ತದೆ. ಇಲ್ಲಿ ಧಾಟಿ ಬಂದು ಲ್ಯಾಪ್‌ಟಾಪಿನ ಮುಂದೆ ಹಾಜರಿ ಹಾಕಬೇಕು.

ಅಷ್ಟಾಗಿ ತಾಲೀಮಿನಲ್ಲಿ ಹೊಂದಲಿಲ್ಲವೆಂದು ಮೇಳವನ್ನು ಮತ್ತೆ ಗೇಟಿಗೇ ಕಳಿಸುತ್ತಾರೆ. ಲ್ಯಾಪ್‌ಟಾಪಿನ ಹುಡುಗ ರಾತ್ರಿ ಕೂತು, ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಿ, 'ಟ್ರೈಬಲ್ ಡ್ರಮ್ಸ್' ಎಂಬ ಸ್ಯಾಂಪಲ್ ಪ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಬಡಿತಗಳ ಕಟ್ಟು, ಇಳಿಸಿಕೊಳ್ಳುತ್ತಾನೆ. ಒಂಬತ್ತನೇ ಫೈಲಿನ ಕೊನೆಗೆ, ಬಡಿತದ ಹಿಂದೆ, ಯಾರೋ ದೂರದಿಂದ "ಏ ಬಿಗಿಯಾಗಿ ಬಡೀಲೇ" ಎಂದು ಕೂಗಿದ್ದು ಕೇಳುತ್ತದೆ. ಹುಡುಗ ಹೆಡ್‌ಫೋನ್ ಒತ್ತಿ ಹಿಡಿದು ಮತ್ತೊಮ್ಮೆ ಕೇಳುತ್ತಾನೆ, ಆ ತುಂಡನ್ನು ಗುರುತು ಹಾಕಿ, ಕತ್ತರಿಸಿ, ಸೇವ್ ಒತ್ತುತ್ತಾನೆ.